ಜಾತ್ರೆಯ ಅಂಗಳದಿಂದ ವಿಶ್ವವಿದ್ಯಾಲಯದ ಅಂಗಿಗೆ

ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದವೆಂದರೆ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿಗೂ ಹಗಲಿನ ಕಳೆ. ತೇರು ಎಳೆದ ಮರುದಿನ ಒಂದು ಕಡೆ ನಾಟಕ, ಇನ್ನೊಂದು ಕಡೆ ಭಜನಾ ಮೇಳ. ಊರ ಶಾಲೆಯ ಅಂಗಳದಲ್ಲಿ ಎರಡು ಕಂಬ ನೆಟ್ಟು, ಬಲೆ ಬಿಗಿದು, ಸುಣ್ಣದ ಗೆರೆ ಎಳೆದರೆ 'ಹೊನಲು-ಬೆಳಕಿನ ವಾಲಿಬಾಲ್ ಪಂದ್ಯಾವಳಿ' ಸಿದ್ಧ. ಪ್ರಥಮ ಬಹುಮಾನ ಇಂತಿಷ್ಟು, ಕೊಟ್ಟವರು ಇಂಥವರು ಎಂದು ಧ್ವನಿವರ್ಧಕ ಮತ್ತೆ ಮತ್ತೆ ಹೇಳುತ್ತಿರುತ್ತದೆ. ಬಾದಾಮಿ ಕಡೆಯ ಒಂದು ಯುವಕ ಮಂಡಳ, ಹುನಗುಂದದ ಕಡೆಯ ಇನ್ನೊಂದು ಗೆಳೆಯರ ಬಳಗ ಬರಿಗಾಲಲ್ಲಿ ಧೂಳೆಬ್ಬಿಸುತ್ತ ಆಡುತ್ತಿದ್ದರೆ ಊರಿಗೆ ಊರೇ ಸುತ್ತ ನಿಂತಿರುತ್ತದೆ.

ಆ ಗುಂಪಿನಲ್ಲಿ ಶಿಳ್ಳೆ ಹೊಡೆಯದೆ, ಕೈಕಟ್ಟಿ ನಿಂತು ನೋಡುವ ಒಬ್ಬರು ಇರಬಹುದು. ಅವರ ಕಣ್ಣು ಚೆಂಡಿನ ಮೇಲಲ್ಲ, ಆಡುವವನ ಕಾಲಿನ ಮೇಲೆ. ಆಟ ಮುಗಿದ ಮೇಲೆ ಅವರು ಹುಡುಗನೊಬ್ಬನನ್ನು ಬದಿಗೆ ಕರೆದು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು.

“ಯಾವೂರು ತಮ್ಮಾ?”

“ಇಳಕಲ್ ಹತ್ರರೀ ಸರ್.”

“ಪಿಯುಸಿ ಪಾಸಾಗೀಯೇನು?”

ಮೊದಲ ಪ್ರಶ್ನೆಗೆ ಎಲ್ಲರ ಬಳಿಯೂ ಉತ್ತರವಿರುತ್ತದೆ. ಎರಡನೆಯದಕ್ಕೆ ಸಿಗುವ ಉತ್ತರದ ಮೇಲೆ ಆ ಹುಡುಗನ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಏಕೆಂದರೆ ಕೇಳುತ್ತಿರುವವರು ಯಾವುದೋ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು. ಜಾತ್ರೆಯ ಆಟಗಾರ ಕಾಲೇಜಿನ ಆಟಗಾರನಾಗುವ ಬಾಗಿಲು ತೆರೆಯುವುದು ಇಲ್ಲಿಯೇ. ಆ ಬಾಗಿಲು ಹೇಗೆ ತೆರೆಯುತ್ತದೆ, ಎಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ಹಳ್ಳಿಯ ಪಾಲಕರಲ್ಲಿ ಬಹಳ ಮಂದಿಗೆ ತಿಳಿಯದು.

ಅಮೆರಿಕದ ಆಟ, ಹಳ್ಳಿಯ ಸ್ವತ್ತು

ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೋಲಿಯೋಕ್ ಎಂಬ ಊರಿನಲ್ಲಿ. ಅಲ್ಲಿನ ವೈಎಂಸಿಎಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ವಿಲಿಯಂ ಮೋರ್ಗನ್, ಬ್ಯಾಸ್ಕೆಟ್‌ಬಾಲಿನಷ್ಟು ಮೈಮುರಿಯದ ಆಟವೊಂದು ಬೇಕೆಂದು ಇದನ್ನು ರೂಪಿಸಿದ. ಅವನು ಇಟ್ಟ ಹೆಸರು 'ಮಿಂಟೊನೆಟ್'. ಮರುವರ್ಷವೇ ಅದು 'ವಾಲಿಬಾಲ್' ಆಯಿತು. ವೈಎಂಸಿಎ ಹೋದಲ್ಲೆಲ್ಲ ಆಟವೂ ಹೋಯಿತು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದ ಶಿಕ್ಷಕರು ಹೊಸ ಆಟಗಳನ್ನು ದಕ್ಷಿಣದ ಶಾಲೆಗಳಿಗೆ ಕೊಂಡೊಯ್ದರು. 1936ರಲ್ಲಿ ಲಾಹೋರಿನಲ್ಲಿ ಮೊದಲ ಅಂತರರಾಜ್ಯ ವಾಲಿಬಾಲ್ ಪಂದ್ಯಾವಳಿ ನಡೆಯಿತು. 1951ರಲ್ಲಿ ಭಾರತೀಯ ವಾಲಿಬಾಲ್ ಫೆಡರೇಷನ್ ಸ್ಥಾಪನೆಯಾಯಿತು.

ಏಷ್ಯನ್ ಕ್ರೀಡಾಕೂಟದಲ್ಲಿ ವಾಲಿಬಾಲ್ ಮೊದಲು ಸೇರಿದ್ದು 1958ರ ಟೋಕಿಯೊ ಕೂಟದಲ್ಲಿ. ಆ ವರ್ಷ ಭಾರತಕ್ಕೆ ಕಂಚು, 1962ರ ಜಕಾರ್ತದಲ್ಲಿ ಬೆಳ್ಳಿ, 1986ರ ಸೋಲ್‌ನಲ್ಲಿ ಮತ್ತೆ ಕಂಚು. ಅನಂತರ ಪದಕವಿಲ್ಲ. ಆದರೂ ಹಳ್ಳಿಗಳಲ್ಲಿ ಆಟ ಸೊರಗಲಿಲ್ಲ. ಕಾರಣ ಸರಳ: ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಜಾಗ, ಒಂದು ಬಲೆ, ಒಂದು ಚೆಂಡು ಇದ್ದರೆ ಹನ್ನೆರಡು ಮಂದಿ ಆಡಬಹುದು. ಕ್ರಿಕೆಟ್ಟಿನ ಪ್ಯಾಡು, ಹಾಕಿಯ ಕೋಲಿನ ಖರ್ಚಿಲ್ಲ. ನೇಕಾರನ ಮಗನೂ, ಗ್ರಾನೈಟ್ ಕ್ವಾರಿಯ ಕೂಲಿಕಾರನ ಮಗನೂ, ಹೊಲದ ಒಡೆಯನ ಮಗನೂ ಒಂದೇ ಬದಿಯಲ್ಲಿ ನಿಂತು ಆಡಬಹುದಾದ ಆಟ ಇದು.

ಅಲ್ಲಿಯ ಕ್ಲಬ್, ಇಲ್ಲಿಯ ಬಳಗ

ಆಟ ಹುಟ್ಟಿದ ದೇಶದಲ್ಲಿ ಕಾಲೇಜು ತಂಡಕ್ಕೆ ಆಟಗಾರರನ್ನು ಆರಿಸುವುದೇ ಒಂದು ದೊಡ್ಡ ವ್ಯವಹಾರ. ಅಮೆರಿಕದ ಹೈಸ್ಕೂಲು ಹುಡುಗಿಯರು ಶಾಲೆಯ ತಂಡದಲ್ಲಷ್ಟೇ ಅಲ್ಲ, ಶುಲ್ಕ ಕೊಟ್ಟು ಖಾಸಗಿ ಕ್ಲಬ್ಬುಗಳಲ್ಲೂ ಆಡುತ್ತಾರೆ. ಕ್ಲಬ್ ಪಂದ್ಯಾವಳಿಗಳಲ್ಲಿ ಒಂದೇ ಸೂರಿನಡಿ ಹತ್ತಾರು ಅಂಕಣಗಳು. ನಡುವೆ ಕಾಲೇಜು ತರಬೇತುದಾರರು ಪುಸ್ತಕ ಹಿಡಿದು ಓಡಾಡುತ್ತಾರೆ. ಆಟಗಾರ್ತಿಯರೂ ಸುಮ್ಮನಿರುವುದಿಲ್ಲ. ತಮ್ಮ ಎತ್ತರ, ಜಿಗಿತ, ಅಂಕಪಟ್ಟಿ, ಆಟದ ವಿಡಿಯೊ ಎಲ್ಲವನ್ನೂ ಕಾಲೇಜುಗಳಿಗೆ ಕಳಿಸುತ್ತಾರೆ. ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಎಂಬ ಸಂಸ್ಥೆ ಇದಕ್ಕೆಲ್ಲ ನಿಯಮ ಹಾಕಿದೆ. ಉನ್ನತ ದರ್ಜೆಯ ಕಾಲೇಜಿನ ತರಬೇತುದಾರರು ಹತ್ತನೆಯ ತರಗತಿ ಮುಗಿದ ವರ್ಷದ ಜೂನ್ 15ಕ್ಕಿಂತ ಮೊದಲು ಆಟಗಾರ್ತಿಯೊಂದಿಗೆ ಸೇರ್ಪಡೆಯ ಮಾತೆತ್ತುವಂತಿಲ್ಲ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ 1972ರ ಕಾನೂನು ಬಂದ ಮೇಲೆ ಅಲ್ಲಿ ಹೆಣ್ಣುಮಕ್ಕಳ ಕ್ರೀಡಾ ವಿದ್ಯಾರ್ಥಿವೇತನಗಳು ಬೆಳೆದವು. ವಾಲಿಬಾಲ್ ಅದರ ದೊಡ್ಡ ಫಲಾನುಭವಿ.

ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ 'ಕ್ಲಬ್' ಎಂದರೆ ಬೇರೆಯೇ ಅರ್ಥ. ಶುಲ್ಕ ಇಲ್ಲ, ತರಬೇತುದಾರನಿಲ್ಲ. ಹಿರಿಯ ಆಟಗಾರನೊಬ್ಬ ಕಿರಿಯರಿಗೆ ಕೈ ಹಿಡಿದು ಕಲಿಸಿದ್ದೇ ಪಾಠ. ಹತ್ತು ಮಂದಿ ವರ್ಗಣಿ ಹಾಕಿ ಚೆಂಡು ತರುತ್ತಾರೆ. ಊರಿನ ಅನುಕೂಲಸ್ಥರೊಬ್ಬರು ಅಂಗಿ ಹೊಲಿಸಿಕೊಡುತ್ತಾರೆ. ಇಲ್ಲಿ ಆಟಗಾರ ತನ್ನ ವಿವರ ಬರೆದು ಕಾಲೇಜಿಗೆ ಕಳಿಸುವ ರೂಢಿ ಇಲ್ಲ. ಯಾರಾದರೂ ನೋಡಬೇಕು, ನೋಡಿದವರು ಹೇಳಬೇಕು. ಅಲ್ಲಿ ನಿಯಮ ಪುಸ್ತಕ ಮಾಡುವ ಕೆಲಸವನ್ನು ಇಲ್ಲಿ ಬಾಯಿಮಾತು ಮಾಡುತ್ತದೆ.

ಕಣ್ಣಿಟ್ಟು ನೋಡುವವರು

ಅಮೆರಿಕದ ಕಾಲೇಜಿನಲ್ಲಿ ವಾಲಿಬಾಲಿಗೇ ಮುಖ್ಯ ತರಬೇತುದಾರ, ಸಹಾಯಕರು ಇರುತ್ತಾರೆ. ನಮ್ಮ ಪದವಿ ಕಾಲೇಜಿನಲ್ಲಿ ಸಾಮಾನ್ಯವಾಗಿ ಇರುವುದು ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ, ಖೊಖೊ, ಗುಡ್ಡಗಾಡು ಓಟ, ಕುಸ್ತಿ, ವಾಲಿಬಾಲ್ ಎಲ್ಲದರ ಹೊಣೆಯೂ ಅವರದೇ. ಆದ್ದರಿಂದ ಅವರು ಆಟಗಾರನನ್ನು ಹುಡುಕುವ ದಾರಿಗಳೂ ಮಿತವಾದವು: ಪದವಿಪೂರ್ವ ಕಾಲೇಜುಗಳ ತಾಲ್ಲೂಕು ಮತ್ತು ಜಿಲ್ಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟ, ಜಾತ್ರೆಯ ಪಂದ್ಯಾವಳಿ, ಹೈಸ್ಕೂಲು ದೈಹಿಕ ಶಿಕ್ಷಕರ ಶಿಫಾರಸು ಮತ್ತು ಈಗಾಗಲೇ ತಂಡದಲ್ಲಿರುವ ಹುಡುಗರ ಮಾತು. ಕೊನೆಯದನ್ನು ಕಡೆಗಣಿಸುವಂತಿಲ್ಲ. ಒಂದು ಹಳ್ಳಿಯಿಂದ ಒಬ್ಬ ಕಾಲೇಜು ತಂಡ ಸೇರಿದರೆ ಅವನ ಹಿಂದೆಯೇ ಅದೇ ಹಳ್ಳಿಯ ಮತ್ತಿಬ್ಬರು ಬರುವುದು ಅಪರೂಪವಲ್ಲ.

ಅವರು ನೋಡುವುದೇನು? ಮೊದಲನೆಯದು ಎತ್ತರ. ಪುರುಷರ ಬಲೆಯ ಎತ್ತರ 2.43 ಮೀಟರ್, ಮಹಿಳೆಯರದು 2.24 ಮೀಟರ್. ಗೋಡೆಯ ಪಕ್ಕ ನಿಲ್ಲಿಸಿ ಕೈ ಮೇಲೆತ್ತಿಸಿ ಒಂದು ಗುರುತು, ಜಿಗಿಸಿ ಇನ್ನೊಂದು ಗುರುತು. ಎರಡರ ನಡುವಿನ ಅಂತರವೇ ಹುಡುಗನ ಜಿಗಿತ. ಇದಕ್ಕೆ ಸೀಮೆಸುಣ್ಣದ ತುಂಡು ಸಾಕು.

ಎರಡನೆಯದು ಕಾಲು. ಜಾತ್ರೆಯ ಆಟದಲ್ಲಿ ಜನ ಚಪ್ಪಾಳೆ ಹೊಡೆಯುವುದು ಸ್ಮ್ಯಾಷ್‌ಗೆ. ಅನುಭವಿ ನಿರ್ದೇಶಕರು ನೋಡುವುದು ಸ್ಮ್ಯಾಷ್‌ಗೆ ಮುನ್ನ ಹುಡುಗ ಇಡುವ ಹೆಜ್ಜೆಗಳನ್ನು ಮತ್ತು ನೆಲಕ್ಕೆ ಇಳಿಯುವ ರೀತಿಯನ್ನು. ಒಂದೇ ಕಾಲಿನ ಮೇಲೆ ಧಡಕ್ಕನೆ ಇಳಿಯುವವನ ಮಂಡಿ ಬಹಳ ವರ್ಷ ಬಾಳಿಕೆ ಬರುವುದಿಲ್ಲ.

ಮೂರನೆಯದು ಪಾಸು ಮತ್ತು ಲಿಫ್ಟು. ಎತ್ತರ ಕಡಿಮೆಯಿದ್ದರೂ ಕೈ ಸೊಗಸಾಗಿದ್ದರೆ ಅಂಥವನು ಒಳ್ಳೆಯ ಲಿಫ್ಟರ್ ಆಗಬಲ್ಲ. ಇನ್ನೊಂದು ಅವಕಾಶವೂ ಇದೆ. ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ 1998ರಲ್ಲಿ 'ಲಿಬೆರೊ' ಎಂಬ ಸ್ಥಾನವನ್ನು ತಂದಿತು. ಬೇರೆ ಬಣ್ಣದ ಅಂಗಿ ತೊಟ್ಟ ಈ ಆಟಗಾರ ಹಿಂದಿನ ಸಾಲಿನಲ್ಲಷ್ಟೇ ಆಡುತ್ತಾನೆ. ಅವನ ಕೆಲಸ ಚೆಂಡನ್ನು ನೆಲಕ್ಕೆ ಬೀಳದಂತೆ ಎತ್ತುವುದು. ಕುಳ್ಳಗಿರುವ ಆದರೆ ಚುರುಕಾದ ಹುಡುಗನಿಗೆ ಈ ನಿಯಮ ಹೊಸ ಬಾಗಿಲನ್ನೇ ತೆರೆಯಿತು. ಆದರೆ ಬಹಳಷ್ಟು ಹಳ್ಳಿಯ ತಂಡಗಳಲ್ಲಿ ಲಿಬೆರೊ ಎಂಬ ಸ್ಥಾನವನ್ನೇ ಬಳಸುವುದಿಲ್ಲ. ಹೀಗಾಗಿ 'ನಾನು ಗಿಡ್ಡ, ನನಗೆ ಈ ಆಟ ಅಲ್ಲ' ಎಂದುಕೊಂಡು ಮನೆಯಲ್ಲೇ ಉಳಿಯುವವರೂ ಇದ್ದಾರೆ.

ನಾಲ್ಕನೆಯದು ಸ್ವಭಾವ. ಸತತ ನಾಲ್ಕು ಪಾಯಿಂಟು ಕಳೆದುಕೊಂಡಾಗ ಜೊತೆಗಾರನನ್ನು ಬೈಯುವವನೋ, ಬೆನ್ನು ತಟ್ಟುವವನೋ? ಸರ್ವಿಸ್ ಇದ್ದರೆ ಮಾತ್ರ ಪಾಯಿಂಟು ಎಂಬ ಹಳೆಯ ಪದ್ಧತಿ ಈಗಿಲ್ಲ. ಪ್ರತಿ ರ‍್ಯಾಲಿಗೂ ಒಂದು ಪಾಯಿಂಟು, 25 ಪಾಯಿಂಟಿಗೆ ಒಂದು ಸೆಟ್ಟು. ತಪ್ಪಿನ ಬೆಲೆ ಹೆಚ್ಚಿರುವ ಈ ಪದ್ಧತಿಯಲ್ಲಿ ತಲೆ ತಣ್ಣಗಿರುವವನೇ ಆಸ್ತಿ.

ಇಷ್ಟೆಲ್ಲ ಇದ್ದರೂ ಕೊನೆಗೆ ಬರುವುದು ಆ ಎರಡನೆಯ ಪ್ರಶ್ನೆಯೇ. ಪಿಯುಸಿ ಪಾಸಾಗದಿದ್ದರೆ ಪದವಿ ಕಾಲೇಜಿಗೆ ಸೇರುವಂತಿಲ್ಲ. ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟು ಮಗ್ಗಕ್ಕೋ ಕ್ವಾರಿಗೋ ಹೋದ ಹುಡುಗನ ಸ್ಮ್ಯಾಷ್ ಎಷ್ಟೇ ಬಿರುಸಾಗಿರಲಿ, ನಿರ್ದೇಶಕರು ಬೆನ್ನು ತಟ್ಟಿ ಹೋಗಬಹುದು, ಅಷ್ಟೇ.

ಏಣಿಯ ಮೆಟ್ಟಿಲುಗಳು

ಜಾತ್ರೆಯ ಟ್ರೋಫಿ ಮನೆಯ ಕಪಾಟಿಗೆ ಶೋಭೆ; ಕಾಲೇಜಿನ ಕಚೇರಿಯಲ್ಲಿ ಅದಕ್ಕೆ ಬೆಲೆ ಕಡಿಮೆ. ಅಲ್ಲಿ ಬೇಕಾದದ್ದು ಮಾನ್ಯತೆ ಇರುವ ಕೂಟದ ಪ್ರಮಾಣಪತ್ರ. ಅದು ಸಿಗುವ ಏಣಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಶಾಲಾ ಏಣಿ. ಹೈಸ್ಕೂಲು ಮತ್ತು ಪದವಿಪೂರ್ವ ಕಾಲೇಜುಗಳ ಇಲಾಖಾ ಕ್ರೀಡಾಕೂಟಗಳು ಕೆಳಹಂತದಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಗುತ್ತವೆ. ಅಲ್ಲಿಂದ ಆಯ್ಕೆಯಾದವರು 14, 17, 19 ವರ್ಷದೊಳಗಿನವರ ರಾಷ್ಟ್ರೀಯ ಶಾಲಾ ಕ್ರೀಡಾಕೂಟಕ್ಕೆ ಹೋಗುತ್ತಾರೆ.

ಎರಡನೆಯದು ಇಲಾಖೆಯ ಏಣಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟ ದಾಟಿ ಮೈಸೂರಿನ ರಾಜ್ಯಮಟ್ಟದ ಕೂಟ ತಲುಪುತ್ತದೆ. ಬಾಗಲಕೋಟೆಯವರು ಬೆಳಗಾವಿ ವಿಭಾಗದಲ್ಲಿ ಆಡಬೇಕು. ಶಾಲೆ ಬಿಟ್ಟ ಹಳ್ಳಿಯ ಆಟಗಾರನೂ ತನ್ನ ಬಳಗದೊಂದಿಗೆ ಭಾಗವಹಿಸಬಹುದಾದ ಸರ್ಕಾರಿ ಕೂಟ ಇದು. ಇದೇ ಇಲಾಖೆ ನಡೆಸುವ ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳಿಗೂ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಲಾಗುತ್ತದೆ. ನಿಲಯ ಸೇರಿದವರಿಗೆ ಊಟ, ವಸತಿ, ತರಬೇತಿ ಎಲ್ಲ ಸರ್ಕಾರದ್ದು.

ಮೂರನೆಯದು ಸಂಘದ ಏಣಿ. ಜಿಲ್ಲಾ ವಾಲಿಬಾಲ್ ಸಂಸ್ಥೆಯ ಮೂಲಕ ರಾಜ್ಯ ಸಂಸ್ಥೆಯ ಕಿರಿಯರ, ಹಿರಿಯರ ಪಂದ್ಯಾವಳಿಗಳು. ಅಲ್ಲಿ ಮಿಂಚಿದವರಿಗೆ ರಾಜ್ಯ ತಂಡ. ಹಳ್ಳಿಯ ಬಳಗ ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಿಕೊಳ್ಳದಿದ್ದರೆ ಈ ಏಣಿಯ ಮೊದಲ ಮೆಟ್ಟಿಲೇ ಸಿಗುವುದಿಲ್ಲ. ಜಾತ್ರೆಯ ಆಟದಲ್ಲಿ ಹತ್ತು ಟ್ರೋಫಿ ಗೆದ್ದ ತಂಡಗಳು ಕೂಡ ಈ ಒಂದು ಕಾಗದದ ಕೆಲಸದಲ್ಲಿ ಹಿಂದೆ ಬೀಳುವುದುಂಟು.

ಒಂದೇ ಊರು, ಹಲವು ಅಂಗಿ

ಕಾಲೇಜು ಸೇರಿದ ಮೇಲೆ ಆಟಗಾರನ ಕನಸು 'ಬ್ಲೂ' ಆಗುವುದು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರನ್ನು ನಮ್ಮ ಕಾಲೇಜುಗಳಲ್ಲಿ 'ಯೂನಿವರ್ಸಿಟಿ ಬ್ಲೂ' ಎನ್ನುತ್ತಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ನೀಲಿ ಬಣ್ಣದಿಂದ ಬಂದ ಮಾತು ಅದು. ಕಾಲೇಜು ತಂಡಗಳು ಅಂತರಕಾಲೇಜು ಪಂದ್ಯಾವಳಿಯಲ್ಲಿ ಆಡುತ್ತವೆ. ಅಲ್ಲಿಂದ ಆರಿಸಿದವರಿಗೆ ಶಿಬಿರ. ಆಮೇಲೆ ವಿಶ್ವವಿದ್ಯಾಲಯದ ಅಂಗಿ.

ಆದರೆ ಯಾವ ವಿಶ್ವವಿದ್ಯಾಲಯದ ಅಂಗಿ? ಪಾಲಕರು ಹೆಚ್ಚು ಯೋಚಿಸದ ವಿಷಯ ಇದು. ಬಾಗಲಕೋಟೆ ನಗರವನ್ನೇ ನೋಡಿ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ ಸ್ಥಾಪನೆಯಾದದ್ದು. ಅದು 1963ರಲ್ಲಿ ಆರಂಭಿಸಿದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿ ಓದುವ ಹುಡುಗ 'ಬ್ಲೂ' ಆಗಬೇಕಾದರೆ ಬೆಂಗಳೂರು, ಮೈಸೂರು, ಮಂಗಳೂರು ಸೇರಿ ಇಡೀ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಸೆಣಸಬೇಕು. ಅದೇ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನವನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ತಂಡಕ್ಕೆ ಪ್ರಯತ್ನಿಸಬೇಕು. ಮಹಿಳಾ ಕಾಲೇಜಿನ ಹುಡುಗಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ. ಕಲಾ, ವಾಣಿಜ್ಯ, ವಿಜ್ಞಾನ ಪದವಿಯವರ ಕಥೆ ಇನ್ನೂ ಬೇರೆ.

ಈ ಪದವಿ ಕಾಲೇಜುಗಳು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾದಾಗ ಅದರಡಿ ಬಂದವು. 2023ರಲ್ಲಿ ಜಮಖಂಡಿಯನ್ನು ಕೇಂದ್ರವಾಗಿಸಿ ಬಾಗಲಕೋಟೆ ವಿಶ್ವವಿದ್ಯಾಲಯ ಆರಂಭವಾಯಿತು. ವಿಶ್ವವಿದ್ಯಾಲಯ ಚಿಕ್ಕದಾದಷ್ಟೂ ಅದರ ತಂಡದಲ್ಲಿ ಜಾಗ ಸಿಗುವ ಸಂಭವ ಹೆಚ್ಚು. ಮೂರು ಜಿಲ್ಲೆಯ ಹುಡುಗರ ನಡುವೆ ಹನ್ನೆರಡರಲ್ಲಿ ಒಬ್ಬನಾಗುವುದಕ್ಕೂ, ಒಂದು ಜಿಲ್ಲೆಯವರ ನಡುವೆ ಆಗುವುದಕ್ಕೂ ವ್ಯತ್ಯಾಸವಿದೆ. ಹಾಗೆಯೇ ಚಿಕ್ಕ ವಿಶ್ವವಿದ್ಯಾಲಯದ ತಂಡ ಮುಂದಿನ ಹಂತದಲ್ಲಿ ಬೇಗ ಸೋಲುವ ಸಂಭವವೂ ಹೆಚ್ಚು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಬಾಗಲಕೋಟೆಯದೂ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿದಾಗ ಚರ್ಚೆ ನಡೆದದ್ದು ಹಣಕಾಸು, ಸಿಬ್ಬಂದಿಯ ಬಗ್ಗೆ. ಆದರೆ ಇಂಥ ಪ್ರತಿಯೊಂದು ತೀರ್ಮಾನದ ಹಿಂದೆ ಕೆಲವು ಆಟಗಾರರ ಅಂಗಿಯ ಪ್ರಶ್ನೆಯೂ ಇರುತ್ತದೆ.

ವಿಶ್ವವಿದ್ಯಾಲಯದ ತಂಡ ಮುಂದೆ ಆಡುವುದು ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಪಂದ್ಯಾವಳಿಯಲ್ಲಿ. ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಲಾಗಿದೆ. ಕರ್ನಾಟಕದ ತಂಡಗಳು ದಕ್ಷಿಣ ವಲಯದಲ್ಲಿ ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣದವರ ಎದುರು ಆಡಬೇಕು. ವಾಲಿಬಾಲಿನಲ್ಲಿ ಇದು ಕಠಿಣ ವಲಯ. ಪ್ರತಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ಅಲ್ಲಿ ಮುಂಚೂಣಿಯಲ್ಲಿ ನಿಂತವರಿಗೆ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ. 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಈ ಕೂಟದ ಎರಡನೆಯ ಆವೃತ್ತಿ 2022ರಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಇವೆಲ್ಲಕ್ಕೂ ಎರಡು ಷರತ್ತು: ಆಟಗಾರ ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ವಯಸ್ಸು 25ರ ಮಿತಿಯೊಳಗಿರಬೇಕು. ಅಂಚೆ ಶಿಕ್ಷಣದಲ್ಲಿ ಹೆಸರು ಹಚ್ಚಿ ಊರಲ್ಲಿ ಆಡುತ್ತಿದ್ದರೆ ನಡೆಯದು.

ಒಂದು ಕಾಗದದ ತೂಕ

ಇಷ್ಟೆಲ್ಲ ಏತಕ್ಕೆ? ಆಟದ ಸುಖ ಒಂದು ಕಡೆ. ಮನೆಯವರು ಕೇಳುವುದು ಹೊಟ್ಟೆಯ ಪ್ರಶ್ನೆ. ಅದಕ್ಕೆ ಉತ್ತರ 'ಫಾರಂ-3' ಎಂಬ ಒಂದು ಹಾಳೆಯಲ್ಲಿದೆ.

ಕೇಂದ್ರ ಸರ್ಕಾರದ ಕಚೇರಿಗಳು 'ಸಿ' ದರ್ಜೆಯ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಪ್ರತಿಭಾವಂತ ಕ್ರೀಡಾಪಟುಗಳನ್ನು ತೆಗೆದುಕೊಳ್ಳಬಹುದು. ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2013ರಲ್ಲಿ ಈ ಕುರಿತ ಆದೇಶಗಳನ್ನು ಒಂದುಗೂಡಿಸಿತು. ಯಾರು ಅರ್ಹರು? ದೇಶವನ್ನು, ರಾಜ್ಯವನ್ನು ಪ್ರತಿನಿಧಿಸಿದವರು. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ತಮ್ಮ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರು. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ಶಾಲಾ ತಂಡದಲ್ಲಿ ಆಡಿದವರು. ಒಂದೊಂದಕ್ಕೂ ಒಂದೊಂದು ನಮೂನೆಯ ಪ್ರಮಾಣಪತ್ರವಿದೆ. ಅಂತರರಾಷ್ಟ್ರೀಯ ಆಟಕ್ಕೆ ಫಾರಂ-1, ರಾಜ್ಯವನ್ನು ಪ್ರತಿನಿಧಿಸಿದ್ದಕ್ಕೆ ಫಾರಂ-2, ವಿಶ್ವವಿದ್ಯಾಲಯಕ್ಕೆ ಫಾರಂ-3, ಶಾಲಾ ಕೂಟಕ್ಕೆ ಫಾರಂ-4. ಫಾರಂ-3ಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು ಸಹಿ ಹಾಕಬೇಕು. ಪದಕ ಗೆದ್ದವರಿಗೆ ಮೊದಲ ಆದ್ಯತೆ, ಭಾಗವಹಿಸಿದವರಿಗೆ ಆಮೇಲೆ. ರೈಲ್ವೆಗೆ ತನ್ನದೇ ಪ್ರತ್ಯೇಕ ಮಾನದಂಡಗಳಿವೆ.

ಗಮನಿಸಬೇಕಾದ ಮಾತು ಇದು: ಹಳ್ಳಿಯ ಆಟಗಾರನೊಬ್ಬ ಭಾರತ ತಂಡಕ್ಕೋ, ಕರ್ನಾಟಕ ತಂಡಕ್ಕೋ ಆಯ್ಕೆಯಾಗುವುದು ಬಹಳ ದೂರದ ದಾರಿ. ಶಾಲಾ ಕೂಟದ ವಯಸ್ಸು ಬೇಗ ದಾಟಿಹೋಗುತ್ತದೆ. ಉಳಿದಿರುವುದರಲ್ಲಿ ಕೈಗೆಟುಕುವ ಬಾಗಿಲು ವಿಶ್ವವಿದ್ಯಾಲಯದ ತಂಡವೇ. ಆದ್ದರಿಂದಲೇ ಜಾತ್ರೆಯ ರಾತ್ರಿ ಆ ನಿರ್ದೇಶಕರು ಕೇಳಿದ ಪ್ರಶ್ನೆಗೆ ಅಷ್ಟು ತೂಕ.

ವೃತ್ತಿಪರ ಲೀಗಿನ ಆಸೆಯೂ ಈಗ ಸೇರಿದೆ. ಪ್ರೈಮ್ ವಾಲಿಬಾಲ್ ಲೀಗ್ 2022ರಲ್ಲಿ ಆರಂಭವಾಯಿತು; 2025ರಲ್ಲಿ ಬೆಂಗಳೂರು ಟಾರ್ಪಿಡೋಸ್ ತಂಡ ಪ್ರಶಸ್ತಿ ಗೆದ್ದಿತು. ಆದರೆ ಲೀಗಿನ ಜಾಗಗಳು ಬೆರಳೆಣಿಕೆಯವು. ಅದನ್ನೇ ನಂಬಿ ಪರೀಕ್ಷೆ ಬಿಡುವುದು ಜಾಣತನವಲ್ಲ.

ಕರಾವಳಿಯ ಕರೆ

ಒಳ್ಳೆಯ ಆಟಗಾರನಿಗೆ ಕೆಲವೊಮ್ಮೆ ದೂರದಿಂದ ಕರೆ ಬರುತ್ತದೆ. ದಕ್ಷಿಣ ಕನ್ನಡದ ಕಾಲೇಜುಗಳು ಕ್ರೀಡೆಗೆ ಹೆಸರಾದವು. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನು 'ದತ್ತು' ತೆಗೆದುಕೊಂಡು ಉಚಿತ ಶಿಕ್ಷಣ, ಊಟ, ವಸತಿ ನೀಡುತ್ತ ಬಂದಿದೆ. ಉಜಿರೆಯ ಎಸ್‌ಡಿಎಂ ಕಾಲೇಜಿಗೂ ಕ್ರೀಡಾ ಹಾಸ್ಟೆಲ್ ಇದೆ. ರಾತ್ರಿ ಬಸ್ಸು ಹತ್ತಿ ಘಟ್ಟ ಇಳಿದರೆ ಉತ್ತಮ ಅಂಕಣ, ದಿನಕ್ಕೆ ಎರಡು ಹೊತ್ತು ತರಬೇತಿ, ಸರಿಯಾದ ಆಹಾರ. ಆದರೆ ಅಲ್ಲಿ ಅದೇ ಎತ್ತರದ, ಅದೇ ಜಿಗಿತದ ಹುಡುಗರು ಅನೇಕರು. ಊರ ಕಾಲೇಜಿನಲ್ಲಿ ನಾಯಕನಾಗಬಹುದಾದವನು ಅಲ್ಲಿ ಮೀಸಲು ಆಟಗಾರನಾಗಿ ವರ್ಷ ಕಳೆಯಬೇಕಾಗಬಹುದು. ಜೋಳದ ರೊಟ್ಟಿ ಉಂಡು ಬೆಳೆದವನಿಗೆ ಕುಚ್ಚಲಕ್ಕಿ ಅನ್ನ ಒಗ್ಗುವುದಕ್ಕೂ ಕೆಲವು ತಿಂಗಳು ಬೇಕು.

ಯಾವುದು ಒಳ್ಳೆಯದು? ಎಲ್ಲರಿಗೂ ಸಲ್ಲುವ ಉತ್ತರವಿಲ್ಲ. ಆದರೆ ಒಪ್ಪಿಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳಿವೆ. ಶುಲ್ಕ ರಿಯಾಯಿತಿ ಮೊದಲ ವರ್ಷಕ್ಕೋ, ಮೂರೂ ವರ್ಷಕ್ಕೋ? ಮಂಡಿಗೆ ಪೆಟ್ಟಾಗಿ ಒಂದು ವರ್ಷ ಆಡಲಾಗದಿದ್ದರೆ ಹಾಸ್ಟೆಲ್ ಉಳಿಯುತ್ತದೆಯೋ? ಪಂದ್ಯಾವಳಿಗೆ ಹೋದ ದಿನಗಳ ಹಾಜರಾತಿ ಕೊಡುತ್ತಾರೆಯೋ? ಅದೇ ದಿನ ಪರೀಕ್ಷೆ ಬಿದ್ದರೆ ಏನು? ಮೂಲ ಅಂಕಪಟ್ಟಿ, ವರ್ಗಾವಣೆ ಪತ್ರ ಬೇಕೆಂದಾಗ ಮರಳಿ ಸಿಗುತ್ತವೆಯೋ? ನಮ್ಮಲ್ಲಿ ಇಂಥ ಒಪ್ಪಂದ ಬಹುತೇಕ ಬಾಯಿಮಾತಿನದು. “ಹುಡುಗನ್ನ ನಮಗ ಬಿಡ್ರಿ ಯಜಮಾನ್ರ, ನಾವು ನೋಡ್ಕೋತೀವಿ” ಎಂಬ ಮಾತು ಪ್ರಾಮಾಣಿಕವೇ ಇರಬಹುದು. ಆದರೆ ಹೇಳಿದವರು ವರ್ಗವಾಗಿ ಹೋದರೆ ಮಾತಿಗೆ ಸಾಕ್ಷಿ ಯಾರು? ಕಾಲೇಜಿನ ಕಾಗದದ ಮೇಲೆ ನಾಲ್ಕು ಸಾಲು ಬರೆಸಿಕೊಳ್ಳುವುದರಲ್ಲಿ ಅವಮರ್ಯಾದೆ ಏನೂ ಇಲ್ಲ.

ಹೆಣ್ಣುಮಕ್ಕಳ ಕಿರಿದಾರಿ

ಹುಡುಗರಿಗೆ ಜಾತ್ರೆಯ ಅಂಗಳವಾದರೂ ಇದೆ. ಜಾತ್ರೆಯ ಪಂದ್ಯಾವಳಿಗಳು ಬಹುತೇಕ ಗಂಡುಮಕ್ಕಳವೇ. ಹುಡುಗಿಯೊಬ್ಬಳು ಆಡುತ್ತಾಳೆಂದು ಹೊರಜಗತ್ತಿಗೆ ಗೊತ್ತಾಗುವುದು ಶಾಲಾ ಕ್ರೀಡಾಕೂಟದಲ್ಲಿ ಮಾತ್ರ. ಅವಳ ಪಾಲಿಗೆ ಕ್ಲಬ್ಬೂ, ತರಬೇತುದಾರನೂ, ಶಿಫಾರಸು ಮಾಡುವವರೂ ಎಲ್ಲ ಹೈಸ್ಕೂಲಿನ ದೈಹಿಕ ಶಿಕ್ಷಕರೇ. ಆ ಹುದ್ದೆ ಖಾಲಿ ಇರುವ ಶಾಲೆಯಲ್ಲಿ ಅವಳ ದಾರಿ ಅಲ್ಲಿಗೇ ಮುಗಿಯಿತು.

ಹತ್ತನೆಯ ತರಗತಿಯ ನಂತರ ಇನ್ನೊಂದು ತಡೆ. ಸಂಜೆ ಅಭ್ಯಾಸ ಮುಗಿಸಿ ಹಳ್ಳಿಗೆ ಮರಳುವ ಬಸ್ಸು ಎಷ್ಟು ಹೊತ್ತಿಗೆ? ಪರಊರಿನ ಪಂದ್ಯಾವಳಿಗೆ ಜೊತೆಯಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆಯೇ? ಇವು ತಂದೆತಾಯಿ ಕೇಳುವ ನ್ಯಾಯವಾದ ಪ್ರಶ್ನೆಗಳು. ಇವಕ್ಕೆ ಸಮರ್ಪಕ ಉತ್ತರ ಕೊಡುವ ಕಾಲೇಜಿಗೆ ಆಟಗಾರ್ತಿಯರು ಬರುತ್ತಾರೆ. ಹುಡುಗಿಯರ ತಂಡ ಕಟ್ಟುವ ಕೆಲಸ ಅಂಕಣದಲ್ಲಿ ಆರಂಭವಾಗುವುದಿಲ್ಲ. ಅವಳ ಮನೆಯ ಪಡಸಾಲೆಯಲ್ಲಿ ಅವ್ವ-ಅಪ್ಪನ ಎದುರು ಕುಳಿತು ಆರಂಭವಾಗುತ್ತದೆ. ಇನ್ನೊಂದು ಕಡೆ, ಅಂತರಕಾಲೇಜು ಮಟ್ಟದಲ್ಲಿ ಹುಡುಗಿಯರ ತಂಡಗಳು ಕಡಿಮೆ ಇರುವುದರಿಂದ ಚೆನ್ನಾಗಿ ಆಡುವವಳಿಗೆ ವಿಶ್ವವಿದ್ಯಾಲಯದ ಅಂಗಿ ಸಿಗುವ ಸಂಭವ ಹುಡುಗನಿಗಿಂತ ಹೆಚ್ಚು ಎಂಬುದನ್ನು ಮನೆಯವರಿಗೆ ತಿಳಿಸಿ ಹೇಳುವವರು ಬೇಕು.

ಕೊಂಡಿ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದರೆ ಮಾತ್ರ ಸೀರೆ. ಕೊಂಡಿ ಸರಿಯಾಗಿ ಕೂಡದಿದ್ದರೆ ಒಡಲು ಎಷ್ಟೇ ಚಂದವಿರಲಿ, 'ತೋಪು ತೆನಿ' ಸೆರಗು ಎಷ್ಟೇ ಕೆಂಪಗಿರಲಿ, ಬಟ್ಟೆ ಎರಡು ತುಂಡು.

ಹಳ್ಳಿಯ ಆಟ ಮತ್ತು ಕಾಲೇಜಿನ ಆಟದ ನಡುವೆಯೂ ಇಂಥದೇ ಕೊಂಡಿ ಬೇಕಾಗಿದೆ. ಅದಕ್ಕೆ ಕೋಟಿಗಟ್ಟಲೆ ಹಣದ ಅಗತ್ಯವಿಲ್ಲ. ಜಾತ್ರೆಯ ಪಂದ್ಯಾವಳಿ ನಡೆಸುವ ಯುವಕ ಮಂಡಳ ತಾಲ್ಲೂಕಿನ ಕಾಲೇಜುಗಳ ನಿರ್ದೇಶಕರಿಗೆ ಒಂದು ಆಮಂತ್ರಣ ಕಳಿಸಬಹುದು. ತಂಡಗಳ ಪಟ್ಟಿಯಲ್ಲಿ ಆಟಗಾರನ ಹೆಸರಿನ ಮುಂದೆ ವಯಸ್ಸು, ಓದು ಬರೆದಿಡಬಹುದು. ಬಳಗವನ್ನು ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಶಾಲೆ ಬಿಡಲು ಹೊರಟ ಹುಡುಗನಿಗೆ ಊರ ಹಿರಿಯ ಆಟಗಾರ ಹೇಳಬಹುದಾದ ಒಂದು ಮಾತಿದೆ: “ಮೊದಲು ಪಿಯುಸಿ ಮುಗಸೋ ತಮ್ಮಾ, ಆಮ್ಯಾಲ ಬೇಕಾದಷ್ಟು ಸ್ಮ್ಯಾಷ್ ಹೊಡಿ.”

ಮುಂದಿನ ಜಾತ್ರೆಯಲ್ಲಿ ಕೈಕಟ್ಟಿ ನಿಂತವರು ಅದೇ ಪ್ರಶ್ನೆ ಕೇಳುತ್ತಾರೆ. ಆಗ “ಪಾಸಾಗೀನ್ರೀ ಸರ್” ಎನ್ನುವಂತಾದರೆ, ಆ ರಾತ್ರಿಯ ಟ್ರೋಫಿ ಯಾವ ಊರಿಗೆ ಹೋದರೂ ಚಿಂತೆಯಿಲ್ಲ.